ಸೇಬಿನ ಕೆಳಗಿನ ನಾಣ್ಯ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದವರಿಗೆ ಈ ದೃಶ್ಯ ಚೆನ್ನಾಗಿ ನೆನಪಿರುತ್ತದೆ. ಕೋಣೆಯ ನಡುವೆ ಒಂದು ಮೇಜು. ಮೇಜಿನ ಮೇಲೆ ಬಟ್ಟೆ. ಬಟ್ಟೆಯ ಮೇಲೆ ಹಿತ್ತಾಳೆ ಬಿಂದಿಗೆ, ಎರಡು ಟೊಮೆಟೊ, ಒಂದು ಬದನೆಕಾಯಿ. ಸುತ್ತಲೂ ನಾವು. ತೊಡೆಯ ಮೇಲೆ ಡ್ರಾಯಿಂಗ್ ಬೋರ್ಡ್ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈ ಉದ್ದಕ್ಕೆ ಚಾಚಿ ಅಳತೆ ತೆಗೆಯುತ್ತಿದ್ದೆವು. ಮೇಷ್ಟ್ರು ನಮ್ಮ ಹಿಂದೆ ಓಡಾಡುತ್ತಾ ಮೂರೇ ಮಾತು ಹೇಳುತ್ತಿದ್ದರು. ಒಂದು ಕಣ್ಣು ಮುಚ್ಚು. ಕೈ ನೆಟ್ಟಗಿಡು. ತಲೆ ಅಲ್ಲಾಡಿಸಬೇಡ.

ಒಂದು ದಿನ ಆ ಬಟ್ಟೆ ಮೇಜಿನ ಮುಂದಿನ ಅಂಚಿನಿಂದ ಕೆಳಗೆ ಇಳಿಬಿದ್ದಿತ್ತು. ಹಾಗಾಗಿ ಮೇಜಿನ ಅಂಚು ಎರಡು ತುಂಡಾಗಿ ಕಾಣುತ್ತಿತ್ತು. ಬಟ್ಟೆಯ ಎಡಕ್ಕೆ ಒಂದು ತುಂಡು, ಬಲಕ್ಕೆ ಒಂದು ತುಂಡು. ನಾನು ಎಡಗಡೆಯದನ್ನು ನೋಡಿ ಬರೆದೆ. ಆಮೇಲೆ ಬಟ್ಟೆಯ ನಿರಿಗೆ ಬರೆದೆ. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬಲಗಡೆಯ ಅಂಚು ನೋಡಿ ಬರೆದೆ. ಎರಡೂ ಕೂಡಲಿಲ್ಲ. ಎಡಗಡೆಯದು ಒಂದು ಬೆರಳಿನಷ್ಟು ಮೇಲೆ ನಿಂತಿತ್ತು. ಮೇಷ್ಟ್ರು ಬಂದರು, ಕೆಂಪು ಪೆನ್ಸಿಲ್ ತೆಗೆದರು, ನಿರಿಗೆಗಳ ಮೇಲೆಯೇ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದರು. "ಮೇಜು ಮುರಿದು ಹೋಗಿದೆಯಾ?" ಅಂದರು. ಮುಂದಿನ ಸಲದಿಂದ ಸ್ಕೇಲ್ ಇಟ್ಟು ಮೊದಲೇ ತೆಳುವಾಗಿ ಗೆರೆ ಎಳೆದುಕೊಳ್ಳುವುದನ್ನು ಕಲಿತೆ. ಪರೀಕ್ಷೆಯೂ ಪಾಸಾಯಿತು. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಾನು ಸುಮ್ನೆ ಬರೆದಿರಲಿಲ್ಲ, ನೋಡಿಯೇ ಬರೆದಿದ್ದೆ. ನನಗೆ ಅದು ಹಾಗೇ ಕಂಡಿತ್ತು.

ಇಪ್ಪತ್ತೈದು ವರ್ಷ ಆದ ಮೇಲೆ, ಒಂದು ಜನವರಿಯಲ್ಲಿ, ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಮ್ಮಿನಲ್ಲಿ ಅದೇ ಮುರಿದ ಮೇಜು ಕಣ್ಣಿಗೆ ಬಿತ್ತು.

ಅವತ್ತು ಚಿತ್ರ ನೋಡಬೇಕು ಅಂತ ಹೋದವರಲ್ಲ ನಾವು. ಷಿಕಾಗೋ ಹತ್ತಿರದ ನೇಪರ್‌ವಿಲ್‌ನಿಂದ ರೈಲು ಹತ್ತಿ, ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು, ಮಿಷಿಗನ್ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಮುಖ ಮರಗಟ್ಟಿಸಿಕೊಂಡು ಬಂದಿದ್ದೆವು. ಊರಿನಿಂದ ಬಂದಿದ್ದ ನೆಂಟರಿಗೆ ವಿವೇಕಾನಂದರು ಭಾಷಣ ಮಾಡಿದ ಜಾಗ ತೋರಿಸಬೇಕಿತ್ತು. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನ ಶುರುವಾಗಿದ್ದು ಇದೇ ಕಟ್ಟಡದಲ್ಲಿ. ಅದರ ಹಿಂದಿನ ವರ್ಷವಷ್ಟೇ ಸ್ವಾಮೀಜಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ್ ಅವರನ್ನು ಕಂಡಿದ್ದರು. 1894ರ ಜೂನ್‌ನಲ್ಲಿ ಷಿಕಾಗೋದಿಂದ ಮಹಾರಾಜರಿಗೆ ಬರೆದ ಪತ್ರವೂ ಇದೆ. ಇದನ್ನೆಲ್ಲ ನೆಂಟರಿಗೆ ಹೇಳಿ, ಫೋಟೋ ತೆಗೆಸಿ, ಅವರು ಕೂತು ಸುಧಾರಿಸಿಕೊಳ್ಳುವಾಗ ನಾನು ಮೇಲಿನ ಕೋಣೆಗಳ ಕಡೆ ಹೋದೆ. ಅಲ್ಲಿ ಗೋಡೆಯ ಮೇಲೆ ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ ಬರೆದ 'ಸೇಬಿನ ಬುಟ್ಟಿ'. ಪಕ್ಕದ ಚೀಟಿಯಲ್ಲಿ ವರ್ಷ ನೋಡಿದೆ. ಸುಮಾರು 1893.

ಚಿತ್ರ ದೊಡ್ಡದೇನಲ್ಲ. ಹೆಚ್ಚುಕಡಿಮೆ 65 ಸೆಂಟಿಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲ. ನಮ್ಮ ಮನೆಗಳಲ್ಲಿ ಹಳೆಯ ಕಾಲದ ಫ್ಯಾಮಿಲಿ ಫೋಟೋಗೆ ಹಾಕಿಸುತ್ತಿದ್ದ ಕಟ್ಟಿನಷ್ಟು ಅನ್ನಬಹುದು. ಒಂದು ಕಂದು ಮರದ ಮೇಜು. ಅದರ ಮೇಲೆ ಮುದ್ದೆಯಾಗಿ ಬಿದ್ದ ಬಿಳಿ ಬಟ್ಟೆ. ಎಡಗಡೆ ಒಂದು ಬುಟ್ಟಿ, ಕೆಳಗೆ ಮರದ ತುಂಡು ಕೊಟ್ಟು ಮುಂದಕ್ಕೆ ವಾಲಿಸಿಟ್ಟದ್ದು. ಬುಟ್ಟಿಯಿಂದ ಸೇಬುಗಳು ಬಟ್ಟೆಯ ಮೇಲೆ ಉರುಳಿ ಬಂದು, ಒಂದೊಂದು ನಿರಿಗೆಯಲ್ಲಿ ಒಂದೊಂದು ತಡೆದು ನಿಂತಿವೆ. ನಡುವೆ ಕಡು ಬಣ್ಣದ ಒಂದು ಸೀಸೆ. ಬಲಗಡೆ ಹಿಂದೆ ಒಂದು ತಟ್ಟೆ, ಅದರಲ್ಲಿ ಸೌದೆ ಒಟ್ಟಿದ ಹಾಗೆ ಅಡ್ಡಡ್ಡ ಜೋಡಿಸಿದ ಬಿಸ್ಕತ್ತು. ಇಂಗ್ಲಿಷಿನಲ್ಲಿ ಅವನ್ನು ಲೇಡಿಫಿಂಗರ್ ಅನ್ನುತ್ತಾರೆ. ನಮ್ಮ ಬೆಂಡೆಕಾಯಿಗೂ ಅದೇ ಹೆಸರು. ಇಲ್ಲಿರುವುದು ಬೆರಳುದ್ದದ, ಮೆತ್ತನೆಯ, ಸಿಹಿ ಬಿಸ್ಕತ್ತು.

ಇಷ್ಟೇ ಇರುವುದು. ಮನುಷ್ಯರಿಲ್ಲ, ಕಥೆಯಿಲ್ಲ. ಆದರೆ ಎರಡು ನಿಮಿಷ ನಿಂತರೆ ಒಂದೊಂದೇ ಕಾಣಲು ಶುರುವಾಗುತ್ತದೆ. ಸೀಸೆ ನೆಟ್ಟಗೆ ನಿಂತಿಲ್ಲ, ಎಡಕ್ಕೆ ವಾಲಿದೆ. ತಟ್ಟೆಯ ಕೆಳಗಿನ ಬಿಸ್ಕತ್ತುಗಳನ್ನು ಪಕ್ಕದಿಂದ ನೋಡುತ್ತಿದ್ದೇವೆ, ಮೇಲಿನವನ್ನು ಮೇಲಿನಿಂದ ನೋಡುತ್ತಿದ್ದೇವೆ. ಬುಟ್ಟಿ ಇನ್ನೊಂದು ಚೂರು ಬಗ್ಗಿದರೆ ಎಲ್ಲ ಸೇಬೂ ನೆಲಕ್ಕೆ. ಕೊನೆಗೆ ಮೇಜಿನ ಮುಂದಿನ ಅಂಚು. ಬಟ್ಟೆಯ ಎಡಗಡೆಯ ತುಂಡಿಗೂ ಬಲಗಡೆಯ ತುಂಡಿಗೂ ಹೊಂದಾಣಿಕೆಯೇ ಇಲ್ಲ. ಹಿಂದಿನ ಅಂಚೂ ಹಾಗೇ. ನಾನು ಅಭ್ಯಾಸಬಲದಿಂದ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ನೋಡಿದೆ. ಕೂಡುವುದಿಲ್ಲ. ಅಲ್ಲೇ ನಿಂತು ಕಣ್ಣು ತುಂಬಿಕೊಂಡಿತು. ಯಾಕೆ ಅಂತ ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಸೆಜಾನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆಗ ತಿಳಿದದ್ದರಲ್ಲಿ ಎದೆಗೆ ಹತ್ತಿರವಾದ ಕೆಲವನ್ನಷ್ಟೇ ಹೇಳುತ್ತೇನೆ.

ಸೆಜಾನ್ ಹುಟ್ಟಿದ್ದು 1839ರಲ್ಲಿ, ಫ್ರಾನ್ಸಿನ ದಕ್ಷಿಣದ ಎಕ್ಸ್ ಎಂಬ ಊರಿನಲ್ಲಿ. ಅಪ್ಪ ಟೋಪಿ ವ್ಯಾಪಾರದಿಂದ ಬೆಳೆದು ಬ್ಯಾಂಕು ನಡೆಸುವಷ್ಟು ದುಡ್ಡು ಮಾಡಿದವನು. ಮಗ ಲಾಯರ್ ಆಗಲಿ ಅಂತ ಅವನ ಆಸೆ. ಈ ಕಥೆ ನಮಗೆ ಹೊಸದಲ್ಲ ಬಿಡಿ. ಶಾಲೆಯಲ್ಲಿ ಸೆಜಾನನ ಜೊತೆ ಒಬ್ಬ ಹುಡುಗ ಇದ್ದ. ತೆಳ್ಳಗೆ, ಅಪ್ಪನಿಲ್ಲದ, ಪ್ಯಾರಿಸಿನ ಮಾತಿನ ಧಾಟಿಯ ಹುಡುಗ. ಉಳಿದವರು ಅವನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಸೆಜಾನ್ ಮಾತಾಡಿಸಿದ. ಅದಕ್ಕೆ ಉಳಿದವರು ಸೇರಿ ಸೆಜಾನನಿಗೆ ಚೆನ್ನಾಗಿ ಬಾರಿಸಿದರು. ಮರುದಿನ ಆ ಹುಡುಗ ಒಂದು ಬುಟ್ಟಿ ಸೇಬು ತಂದು ಸೆಜಾನನಿಗೆ ಕೊಟ್ಟ. ಹುಡುಗನ ಹೆಸರು ಎಮಿಲ್ ಝೋಲಾ. ಮುಂದೆ ಫ್ರಾನ್ಸಿನ ಬಹು ದೊಡ್ಡ ಕಾದಂಬರಿಕಾರನಾದವನು.

ಈ ಕಥೆಯನ್ನು ಮುದುಕನಾದ ಮೇಲೆ ಸೆಜಾನನೇ ಹೇಳಿದ್ದು. ಬರೆದಿಟ್ಟವನು ಗಾಸ್ಕೆ ಎಂಬ ಕವಿ. ಗಾಸ್ಕೆ ಸ್ವಲ್ಪ ಬಣ್ಣ ಕಟ್ಟಿ ಬರೆಯುವವನೇ. ಆದರೂ ನನಗೆ ಇದು ನಿಜ ಅನ್ನಿಸುತ್ತದೆ. ಪೆಟ್ಟು ತಿಂದ ಮರುದಿನ ಕೈಗೆ ಬಂದ ಒಂದು ಬುಟ್ಟಿ ಸೇಬನ್ನು ಯಾರು ತಾನೇ ಮರೆಯುತ್ತಾರೆ? 1886ರಲ್ಲಿ ಝೋಲಾ ಒಂದು ಕಾದಂಬರಿ ಬರೆದ. ಅದರಲ್ಲಿ ಸೋತು ನೇಣು ಹಾಕಿಕೊಳ್ಳುವ ಒಬ್ಬ ಚಿತ್ರಕಾರ ಇದ್ದಾನೆ. ಆ ಪಾತ್ರದಲ್ಲಿ ಸೆಜಾನನ ಚಹರೆ ಇದೆ ಅಂತ ಎಲ್ಲರೂ ಹೇಳಿದರು. ಗೆಳೆತನ ತಣ್ಣಗಾಯಿತು. 1902ರಲ್ಲಿ ಝೋಲಾ ತೀರಿಕೊಂಡ ಸುದ್ದಿ ಬಂದಾಗ ಸೆಜಾನ್ ಕೋಣೆಯ ಬಾಗಿಲು ಹಾಕಿಕೊಂಡು ಅತ್ತನಂತೆ.

ನಮ್ಮ ಕಡೆ ಸೇಬು ಅಂದರೆ ಬೇರೆಯದೇ ನೆನಪು. ನಾನು ಚಿಕ್ಕವಯಸ್ಸಿನಲ್ಲಿ ಸೇಬು ತಿಂದಿದ್ದು ಜ್ವರ ಬಂದಾಗ ಮಾತ್ರ. ಯಾರಾದರೂ ಆಸ್ಪತ್ರೆಯಲ್ಲಿದ್ದರೆ ನೋಡಲು ಹೋಗುವವರು ಬ್ರೆಡ್ಡು ಮತ್ತು ನಾಲ್ಕು ಸೇಬು ಹಿಡಿದು ಹೋಗುತ್ತಿದ್ದರು. ಶಿಮ್ಲಾದಿಂದಲೋ ಕಾಶ್ಮೀರದಿಂದಲೋ ಬಂದ ಹಣ್ಣು, ತೆಳು ಕಾಗದ ಸುತ್ತಿರುತ್ತಿತ್ತು. ಬಾಳೆಹಣ್ಣಿನ ಹಾಗೆ ಗೊನೆಗಟ್ಟಲೆ ಮನೆಯಲ್ಲಿ ಇರುವ ವಸ್ತುವಲ್ಲ. ಸೆಜಾನನ ಊರಿನಲ್ಲಿ ಸೇಬು ಅಷ್ಟು ದುಬಾರಿಯ, ಮರ್ಯಾದೆಯ ಹಣ್ಣಾಗಿರಲಿಲ್ಲ. ಅಡುಗೆಮನೆಯಲ್ಲಿ ಬಿದ್ದಿರುವ ಹಣ್ಣು. ಅದಕ್ಕೇ ಅವನು ಅದನ್ನು ಹಿಡಿದುಕೊಂಡ. ಒಂದೇ ಒಂದು ಸೇಬಿನಿಂದ ಪ್ಯಾರಿಸನ್ನು ಬೆರಗುಗೊಳಿಸುತ್ತೇನೆ ಅಂತ ಅವನು ಹೇಳಿದ್ದನ್ನು ಜೆಫ್ರುವಾ ಎಂಬ ವಿಮರ್ಶಕ ದಾಖಲಿಸಿದ್ದಾನೆ.

ಪ್ಯಾರಿಸ್ ಬೆರಗಾಗಲು ತುಂಬ ವರ್ಷ ಹಿಡಿಯಿತು. ಸರ್ಕಾರದ ವಾರ್ಷಿಕ ಪ್ರದರ್ಶನಕ್ಕೆ ಅವನು ಕಳಿಸಿದ ಚಿತ್ರಗಳು ವರ್ಷ ವರ್ಷವೂ ವಾಪಸ್ ಬಂದವು. 1874ರಲ್ಲಿ ಮೊನೆ, ರೆನ್ವಾ, ಪಿಸಾರೊ ಎಂಬ ಚಿತ್ರಕಾರರ ಜೊತೆ ಸೇರಿ ಮೊದಲ ಇಂಪ್ರೆಷನಿಸ್ಟ್ (ಆ ಕ್ಷಣದ ಬೆಳಕನ್ನು ಕಣ್ಣಿಗೆ ಕಂಡ ಹಾಗೆ ಬರೆಯುವವರ) ಪ್ರದರ್ಶನದಲ್ಲಿ ಇಟ್ಟಾಗ ಜನ ನಕ್ಕರು. ಅವನು ಊರಿಗೆ ಹೋದ. ಎಕ್ಸ್‌ನಲ್ಲಿ ಕೂತು ಬರೆದ. ಅವನ ಚಿತ್ರಗಳದ್ದೇ ಒಂದು ಪ್ರದರ್ಶನ ನಡೆದದ್ದು 1895ರ ಕೊನೆಯಲ್ಲಿ, ಪ್ಯಾರಿಸಿನ ವೊಲಾರ್ ಎಂಬ ಚಿತ್ರ ವ್ಯಾಪಾರಿಯ ಅಂಗಡಿಯಲ್ಲಿ. ಆಗ ಅವನಿಗೆ 56 ವರ್ಷ. ಆ ಅಂಗಡಿಯಲ್ಲಿ 'ಸೇಬಿನ ಬುಟ್ಟಿ' ಕೂಡ ಇತ್ತು. ತನ್ನ ಚಿತ್ರಗಳಿಗೆ ಸಹಿ ಹಾಕುವ ಅಭ್ಯಾಸ ಅವನಿಗೆ ಅಷ್ಟಾಗಿ ಇರಲಿಲ್ಲ. ಇದಕ್ಕೆ ಹಾಕಿದ್ದಾನೆ. ಷಿಕಾಗೋಗೆ ಹೋದವರು ಹತ್ತಿರ ಹೋಗಿ ನೋಡಿ, ಎಡಗಡೆ ಕೆಳಗೆ ಇದೆ.

ಈಗ ಮೇಜಿನ ವಿಷಯಕ್ಕೆ ಬರುತ್ತೇನೆ.

ಮೇಷ್ಟ್ರು ಹೇಳಿಕೊಟ್ಟ ಆ ಮೂರು ಮಾತು ಅವರ ಸ್ವಂತದ್ದಲ್ಲ. ಅದರ ಹಿಂದೆ ಹತ್ತಿರ ಹತ್ತಿರ 600 ವರ್ಷಗಳ ಪಾಠ ಇದೆ. ಇಟಲಿಯ ಫ್ಲಾರೆನ್ಸಿನಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ 15ನೇ ಶತಮಾನದ ಮೊದಲಲ್ಲಿ ಕಂಡುಕೊಂಡ ಪರ್ಸ್‌ಪೆಕ್ಟಿವ್ ನಿಯಮ ಅದು, ಅಂದರೆ ದೂರ ಹತ್ತಿರವನ್ನು ಚಪ್ಪಟೆ ಕಾಗದದ ಮೇಲೆ ತೋರಿಸುವ ನಿಯಮ. ನೋಡುವವನಿಗೆ ಒಂದೇ ಕಣ್ಣು, ಆ ಕಣ್ಣು ಒಂದೇ ಜಾಗದಲ್ಲಿ ಅಲ್ಲಾಡದೆ ನಿಂತಿದೆ ಅಂತ ಇಟ್ಟುಕೊಂಡರೆ ಎಲ್ಲ ಗೆರೆಗಳೂ ಅಚ್ಚುಕಟ್ಟಾಗಿ ಕೂಡುತ್ತವೆ. ತುಂಬ ಶಕ್ತಿಯ ನಿಯಮ. ಕಟ್ಟಡ ಬರೆಯುವವರಿಗೆ ಅದಿಲ್ಲದೆ ಆಗುವುದೇ ಇಲ್ಲ. ಆದರೆ ನಾವು ನೋಡುವುದು ಹಾಗಲ್ಲವಲ್ಲ. ನಮಗಿರುವುದು ಎರಡು ಕಣ್ಣು, ಅವುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ದೂರ. ಈಗಲೇ ಹೆಬ್ಬೆರಳು ಮುಖದ ಮುಂದೆ ಹಿಡಿದು ಒಂದು ಕಣ್ಣು, ಇನ್ನೊಂದು ಕಣ್ಣು ಅಂತ ಮುಚ್ಚಿ ತೆರೆದು ನೋಡಿ. ಬೆರಳು ಆ ಕಡೆ ಈ ಕಡೆ ಜಿಗಿಯುತ್ತದೆ. ಎದುರಿನ ಗೋಡೆ ಜಿಗಿಯುವುದಿಲ್ಲ. ಹತ್ತಿರದ ವಸ್ತುಗಳಿಗೇ ಈ ಗುಣ ಜಾಸ್ತಿ. ಊಟದ ಮೇಜಿನ ಮೇಲಿನ ಹಣ್ಣು, ಲೋಟ, ಸೀಸೆ ಎಲ್ಲ ಇಷ್ಟು ಹತ್ತಿರದವೇ.

ಇದರ ಜೊತೆಗೆ ಹೊತ್ತು. ಅರ್ಧ ಗಂಟೆ ನಿರಿಗೆ ಬರೆದು ಮುಗಿಸುವಷ್ಟರಲ್ಲಿ ನನ್ನ ಬೆನ್ನು ಬಗ್ಗಿರುತ್ತದೆ. ಮೊದಲು ನೆಟ್ಟಗೆ ಕೂತು ಎಡಗಡೆಯ ಅಂಚು ನೋಡಿದ್ದೆ, ಈಗ ಕುಗ್ಗಿ ಕೂತು ಬಲಗಡೆಯದನ್ನು ನೋಡುತ್ತಿದ್ದೇನೆ. ಮೇಜು ಅಲ್ಲೇ ಇದೆ, ನಾನು ಅಲ್ಲಿಲ್ಲ. ಎರಡು ಗೆರೆಗಳ ನಡುವಿನ ಆ ಒಂದು ಬೆರಳಿನ ವ್ಯತ್ಯಾಸ ಅಂದರೆ ನಡುವೆ ಕಳೆದ ಅರ್ಧ ಗಂಟೆ.

ಸೆಜಾನನಿಗೆ ಇದು ಗೊತ್ತಿತ್ತು. 1906ರ ಸೆಪ್ಟೆಂಬರ್ 8ರಂದು ಮಗನಿಗೆ ಬರೆದ ಪತ್ರದಲ್ಲಿ ಹೊಳೆಯ ದಡದಲ್ಲಿ ಕೂತು ಕೆಲಸ ಮಾಡುವುದರ ಬಗ್ಗೆ ಹೇಳುತ್ತಾನೆ. ಜಾಗ ಬದಲಾಯಿಸದೆಯೇ ತಿಂಗಳುಗಟ್ಟಲೆ ಇಲ್ಲಿ ಬರೆಯುತ್ತಾ ಇರಬಹುದು, ಒಮ್ಮೆ ಚೂರು ಬಲಕ್ಕೆ, ಒಮ್ಮೆ ಚೂರು ಎಡಕ್ಕೆ ವಾಲಿದರೆ ಸಾಕು ಅನ್ನುತ್ತಾನೆ. ಅದನ್ನು ಬರೆದ ಆರೇಳು ವಾರಕ್ಕೆ ತೀರಿಕೊಂಡ. ಬಯಲಲ್ಲಿ ಚಿತ್ರ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದುಬಿದ್ದ, ಬಟ್ಟೆ ಒಗೆಯುವವರ ಗಾಡಿಯಲ್ಲಿ ಅವನನ್ನು ಮನೆಗೆ ತಂದರು. 67 ವರ್ಷದ ಮನುಷ್ಯ, ಆ ವಯಸ್ಸಿನಲ್ಲೂ ಚೂರು ಎಡಕ್ಕೆ, ಚೂರು ಬಲಕ್ಕೆ ವಾಲಿ ನೋಡುತ್ತಿದ್ದ.

ಸೆಜಾನ್ ಪರ್ಸ್‌ಪೆಕ್ಟಿವ್ ಕಲಿತಿರಲಿಲ್ಲ, ಕಣ್ಣು ಸರಿಯಿರಲಿಲ್ಲ ಅಂತೆಲ್ಲ ಆ ಕಾಲದಲ್ಲಿ ಹೇಳಿದವರಿದ್ದಾರೆ. 'ಸೇಬಿನ ಬುಟ್ಟಿ'ಯ ಮುಂದೆ ಹತ್ತು ನಿಮಿಷ ನಿಂತವರು ಆ ಮಾತು ಒಪ್ಪುವುದಿಲ್ಲ. ವಾಲಿದ ಸೀಸೆಯನ್ನು ಮನಸ್ಸಿನಲ್ಲೇ ನೆಟ್ಟಗೆ ನಿಲ್ಲಿಸಿ ನೋಡಿ. ಆಗ ಬುಟ್ಟಿ ಬಿದ್ದೇ ಹೋಗುತ್ತದೆ. ಮುಂದಕ್ಕೆ ಉರುಳುವ ಬುಟ್ಟಿಯನ್ನು ಆ ಸೀಸೆಯ ಓರೆಯೇ ಹಿಡಿದಿದೆ. ಬಲಗಡೆಯ ಅಂಚನ್ನು ಎಡಗಡೆಯ ಅಂಚಿಗೆ ಸರಿಮಾಡಿದರೆ ಬಟ್ಟೆ ಸುಮ್ನೆ ಹಾಸಿದ ಬಟ್ಟೆಯಾಗುತ್ತದೆ. ಈಗ ಅದು ಗುಡ್ಡದ ಹಾಗೆ ಎದ್ದು ನಿಂತಿದೆ, ಇಳಿಜಾರಿನಲ್ಲಿ ಸೇಬುಗಳು ಕೂತಿವೆ. ಒಂದೊಂದು ತಪ್ಪೂ ಇನ್ನೊಂದರ ಹೆಗಲ ಮೇಲೆ ಕೈ ಹಾಕಿ ನಿಂತಿದೆ.

ಅಂದಹಾಗೆ ನಮ್ಮ ಹಳೆಯ ಚಿತ್ರಕಾರರಿಗೆ ಇದು ಸಮಸ್ಯೆಯೇ ಆಗಿರಲಿಲ್ಲ. ಮಿನಿಯೇಚರ್ ಚಿತ್ರಗಳಲ್ಲಿ ಜಮಖಾನೆಯನ್ನು ಮೇಲಿನಿಂದ ನೋಡಿದ ಹಾಗೆ ಪೂರ್ತಿ ಬಿಡಿಸುತ್ತಾರೆ, ಅದರ ಮೇಲೆ ಕೂತವರನ್ನು ಪಕ್ಕದಿಂದ ನೋಡಿದ ಹಾಗೆ. ಯಾರೂ ಕೆಂಪು ಗೆರೆ ಎಳೆಯಲಿಲ್ಲ. ಸೆಜಾನನಿಗೆ ಅದು ಅಷ್ಟು ಸುಲಭ ಇರಲಿಲ್ಲ. ಅವನ ಸುತ್ತ ಎಲ್ಲರೂ ಒಂದು ಕಣ್ಣಿನ ನಿಯಮದಲ್ಲೇ ಬೆಳೆದವರು, ಅವನೂ ಸಹ.

ಸೇಬನ್ನು ಅವನು ಹೇಗೆ ಬರೆಯುತ್ತಿದ್ದ ಅನ್ನುವುದನ್ನೂ ಹೇಳಬೇಕು. ನಾವು ಶಾಲೆಯಲ್ಲಿ ಮೊದಲು ಒಂದು ಗುಂಡು ಗೆರೆ ಎಳೆದು, ಒಂದು ಕಡೆ 2ಬಿ ಪೆನ್ಸಿಲಿನಿಂದ ಕಪ್ಪು ಮಾಡಿ, ಬೆರಳಿನಿಂದ ಉಜ್ಜಿ ಶೇಡಿಂಗ್ ಕೊಡುತ್ತಿದ್ದೆವು. ಇಲ್ಲಿ ಹಾಗಿಲ್ಲ. ಹತ್ತಿರ ಹೋಗಿ ಒಂದೇ ಒಂದು ಸೇಬು ನೋಡಿದರೆ ಅದರ ಅಂಚಿನಲ್ಲಿ ಒಂದು ಗೆರೆ ಇರುವುದಿಲ್ಲ. ಕಡು ನೀಲಿಯ ಮೂರು ನಾಲ್ಕು ತುಂಡು ಗೆರೆಗಳು ಒಂದರ ಪಕ್ಕ ಒಂದು ಇರುತ್ತವೆ. ಒಂದು ಕಡೆ ಕಾಣೆಯಾಗಿ ಮುಂದೆ ಮತ್ತೆ ಬರುತ್ತವೆ. ನಿಜವಾದ ಸೇಬಿನಲ್ಲೂ ಹಾಗೇ ಅಲ್ವಾ? ಅದರ ಅಂಚು ಎಲ್ಲಿ ಮುಗಿಯುತ್ತದೆ? ಅದು ಹಿಂದಕ್ಕೆ ಬಾಗಿ ಹೋಗುತ್ತಾ ಇರುತ್ತದೆ, ನಾವು ತಲೆ ಅಲ್ಲಾಡಿಸಿದರೆ ಅಂಚೂ ಜರುಗುತ್ತದೆ. ಒಳಗೆ ಬಣ್ಣಗಳು ಚೌಕ ಚೌಕದ ತೇಪೆಗಳ ಹಾಗೆ. ನಮ್ಮ ಕಡೆಗೆ ಉಬ್ಬಿರುವ ಜಾಗದಲ್ಲಿ ಹಳದಿ, ಕಿತ್ತಳೆ, ಕೆಂಪು. ಬಾಗಿ ದೂರ ಹೋಗುವ ಕಡೆ ಹಸಿರು, ನೀಲಿ. ಬೆಚ್ಚನೆಯ ಬಣ್ಣ ಮುಂದೆ ಬರುತ್ತದೆ, ತಣ್ಣನೆಯ ಬಣ್ಣ ಹಿಂದೆ ಸರಿಯುತ್ತದೆ. ಕೈಯಲ್ಲಿ ಹಿಡಿದು ತೂಕ ನೋಡಬಹುದು ಅನ್ನಿಸುವಷ್ಟು ಗಟ್ಟಿಯಾಗಿ ಅದು ಕೂತಿರುತ್ತದೆ.

ಇಷ್ಟೆಲ್ಲ ನೋಡಲು ಹೊತ್ತು ಬೇಕಲ್ಲ. ಅವನು ಎಷ್ಟು ನಿಧಾನ ಅಂದರೆ ಹಣ್ಣುಗಳು ಕೊಳೆತು ಹೋಗುತ್ತಿದ್ದವು. ಹೂವಿನ ಚಿತ್ರಕ್ಕೆ ನಿಜವಾದ ಹೂ ತಡೆಯುವುದಿಲ್ಲ ಅಂತ ಕಾಗದದ ಹೂ ಇಟ್ಟುಕೊಳ್ಳುತ್ತಿದ್ದ. ವೊಲಾರನ ಚಿತ್ರ ಬರೆಯಲು 1899ರಲ್ಲಿ ಅವನನ್ನು 115 ಸಲ ಕೂರಿಸಿದ. ಒಂದು ಸಲ ವೊಲಾರ್ ಕೂತಲ್ಲೇ ತೂಕಡಿಸಿ ಕೆಳಗೆ ಬಿದ್ದಾಗ, ಸೇಬಿನ ಹಾಗೆ ಕೂರಬೇಕು, ಸೇಬು ಎಲ್ಲಾದರೂ ಅಲ್ಲಾಡುತ್ತದೆಯೇ ಅಂತ ರೇಗಿದ. 115 ಸಲ ಆದ ಮೇಲೆ ಕೆಲಸ ಅರ್ಧಕ್ಕೆ ಬಿಟ್ಟು ಊರಿಗೆ ಹೊರಟ. ಅಂಗಿಯ ಮುಂಭಾಗ ಪರವಾಗಿಲ್ಲ ಅನ್ನಿಸುತ್ತದೆ ಅಂತ ಮಾತ್ರ ಹೇಳಿದನಂತೆ. ಈ ಮಾತು ಕೇಳಿ ಎಲ್ಲರೂ ನಗುತ್ತಾರೆ. ನನಗೆ ಅದರಲ್ಲಿ ದೊಡ್ಡ ಪ್ರಾಮಾಣಿಕತೆ ಕಾಣುತ್ತದೆ. ಅಷ್ಟು ದಿನದಲ್ಲಿ ಅವನು ಮನಸಾರೆ ಸರಿ ಅಂತ ಒಪ್ಪಿಕೊಂಡದ್ದು ಒಂದು ಅಂಗಿಯನ್ನು.

ಸೆಜಾನನನ್ನು ಈಗ ಎಲ್ಲರೂ 'ಪೋಸ್ಟ್ ಇಂಪ್ರೆಷನಿಸ್ಟ್' ಅನ್ನುತ್ತಾರೆ, ಆ ಹೆಸರು ಅವನ ಕಿವಿಗೆ ಬಿದ್ದಿರಲಾರದು. ಅವನು ಸತ್ತು ನಾಲ್ಕು ವರ್ಷವಾದ ಮೇಲೆ, 1910ರಲ್ಲಿ, ಲಂಡನ್ನಿನಲ್ಲಿ ರೋಜರ್ ಫ್ರೈ ಎಂಬ ವಿಮರ್ಶಕ ಒಂದು ಪ್ರದರ್ಶನ ಮಾಡಿದ. ಇಂಪ್ರೆಷನಿಸ್ಟರ ನಂತರ ಬಂದವರು ಅನ್ನಲು ಏನಾದರೂ ಹೆಸರು ಬೇಕಿತ್ತು, ಅದನ್ನು ಇಟ್ಟ. ಹೆಸರಿನ ಮಾತು ಇಷ್ಟು ಸಾಕು.

ಆದರೆ ಲಂಡನ್ ಅಂದಾಗ ಒಂದು ಸಣ್ಣ ಕಥೆ ಹೇಳದೆ ಮುಂದೆ ಹೋಗಲಾರೆ. 1918ರ ಮಾರ್ಚ್. ಯುದ್ಧ ನಡೆಯುತ್ತಿದೆ, ಪ್ಯಾರಿಸಿನ ಮೇಲೆ ಜರ್ಮನ್ ತೋಪಿನ ಗುಂಡು ಬೀಳುತ್ತಿದೆ. ಅದರ ನಡುವೆ ಚಿತ್ರಕಾರ ದೆಗಾ ಸಂಗ್ರಹಿಸಿದ್ದ ಚಿತ್ರಗಳ ಹರಾಜು. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅಲ್ಲಿಗೆ ಹೋಗಿ, ಸೆಜಾನ್ ಬರೆದ ಸೇಬುಗಳ ಒಂದು ಪುಟ್ಟ ಚಿತ್ರ ಕೊಂಡ. ಗೆಳೆಯರ ಹಳ್ಳಿಮನೆಗೆ ಬಂದಾಗ ಕೈಯಲ್ಲಿ ಸಾಮಾನು ಜಾಸ್ತಿ ಇತ್ತು ಅಂತ ಆ ಚಿತ್ರವನ್ನು ದಾರಿಯ ಪಕ್ಕದ ಬೇಲಿಯಲ್ಲಿ ಇಟ್ಟು ಒಳಗೆ ಹೋದ. ಮನೆಯವರು ಓಡಿ ಹೋಗಿ ತಂದರು. ಆಮೇಲೆ ಲೇಖಕಿ ವರ್ಜೀನಿಯಾ ವುಲ್ಫ್ ಅದನ್ನು ನೋಡಿ ಡೈರಿಯಲ್ಲಿ ಬರೆದಳು, ಚಿತ್ರದಲ್ಲಿ ಆರು ಸೇಬುಗಳಿವೆ ಅಂತ. ಅಲ್ಲಿರುವುದು ಏಳು. ಬೇಲಿಯಲ್ಲಿ ಒಂದೆರಡು ಗಳಿಗೆ ಕೂತಿದ್ದ ಆ ಚಿತ್ರ ಈಗ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದ್ದು.

ಇನ್ನು ನಾಣ್ಯದ ವಿಷಯ. ಲೂಯಿ ಲೆ ಬಾಯ್ ಎಂಬ ಯುವ ಚಿತ್ರಕಾರ ಒಮ್ಮೆ ಸೆಜಾನ್ ಹಣ್ಣು ಜೋಡಿಸುವುದನ್ನು ಪಕ್ಕದಲ್ಲೇ ನಿಂತು ನೋಡಿ ಬರೆದಿಟ್ಟಿದ್ದಾನೆ. ಮೊದಲು ಬಟ್ಟೆಯನ್ನು ಸುಮ್ನೆ ಬಿದ್ದ ಹಾಗೆ ಹರಡಿದ. ಆಮೇಲೆ ಹಣ್ಣು ಒಂದೊಂದೇ ಇಟ್ಟ. ಕೆಂಪಿನ ಪಕ್ಕ ಹಸಿರು ಬರಬೇಕು, ನೀಲಿಯ ಪಕ್ಕ ಹಳದಿ. ಒಂದನ್ನು ಹೀಗೆ ತಿರುಗಿಸಿದ, ಇನ್ನೊಂದನ್ನು ಹಾಗೆ ವಾಲಿಸಿದ. ವಾಲಿದ ಹಣ್ಣು ಉರುಳದೆ ನಿಲ್ಲಲು ಅದರ ಕೆಳಗೆ ಒಂದು ಸೂ, ಎರಡು ಸೂ ನಾಣ್ಯ ಸಿಕ್ಕಿಸಿದ. ಸೂ ಅಂದರೆ ನಮ್ಮ ಹಳೆಯ ಕಾಸಿನ ಹಾಗೆ, ಸಣ್ಣ ಚಿಲ್ಲರೆ.

ಇದನ್ನು ಓದಿದ ದಿನವೇ ನನಗೆ ಕೈ ತುರಿಸಿತು. ಶನಿವಾರ ಬೆಳಿಗ್ಗೆ ಊಟದ ಮೇಜು ಖಾಲಿ ಮಾಡಿದೆ. ಅಪ್ಪನ ಹಳೆಯ ಬಿಳಿ ಪಂಚೆ ಒಂದು ಇತ್ತು, ಅದನ್ನು ಹರಡಿದೆ. ಅಂಗಡಿಯಿಂದ ಎಂಟು ಸೇಬು ತಂದಿದ್ದೆ, ಐದು ಕೆಂಪು, ಮೂರು ಹಸಿರು. ಆಲಿವ್ ಎಣ್ಣೆಯ ಹಸಿರು ಸೀಸೆ ನಡುವೆ ಇಟ್ಟೆ. ಬಿಸ್ಕತ್ತಿಗೆ ಬದಲು ಇಂಡಿಯನ್ ಅಂಗಡಿಯ ರಸ್ಕ್, ತಟ್ಟೆಯಲ್ಲಿ ಅಡ್ಡಡ್ಡ ಒಟ್ಟಿದೆ. ಮುಂದಿನ ಕೆಂಪು ಸೇಬು ನನಗೆ ಬೇಕಾದ ಹಾಗೆ ನಿಲ್ಲಲಿಲ್ಲ. ಉರುಳಿ ಉರುಳಿ ತನ್ನ ಮಚ್ಚೆಯನ್ನೇ ತೋರಿಸುತ್ತಿತ್ತು. ಡ್ರಾಯರಿನಲ್ಲಿ ಊರಿನ ಐದು ರೂಪಾಯಿಯ ನಾಣ್ಯ ಇತ್ತು, ಹಳೆಯ ದಪ್ಪನೆಯದು. ಅದನ್ನು ಕೆಳಗೆ ಸಿಕ್ಕಿಸಿದೆ. ಸೇಬು ನಿಂತಿತು. ಆ ಒಂದು ನಾಣ್ಯದಿಂದ ಪಕ್ಕದ ಎರಡು ಸೇಬುಗಳ ಬಣ್ಣವೂ ಬದಲಾದ ಹಾಗೆ ಕಂಡಿತು. ಕೆಂಪು ಮುಂದೆ ಬಂದದ್ದಕ್ಕೆ ಅದರ ಹಿಂದಿನ ಹಸಿರು ಇನ್ನೂ ಹಸಿರಾಯಿತು.

ಬರೆಯಲು ಕೂತೆ. ಸ್ಕೇಲ್ ಇಟ್ಟುಕೊಳ್ಳಲಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡೆ. ಮೊದಲ ಹದಿನೈದು ನಿಮಿಷ ಏನೂ ಆಗಲಿಲ್ಲ. ಸೇಬು ಸೇಬಾಗಿಯೇ ಇತ್ತು. ಆಮೇಲೆ ನಿಧಾನವಾಗಿ ಎಲ್ಲ ಜರುಗಲು ಶುರುವಾಯಿತು. ಸೀಸೆ ನೋಡುವಾಗ ಸೇಬು ಒಂದು ಕಡೆ ಇತ್ತು. ಸೇಬು ನೋಡುವಾಗ ಸೀಸೆ ಅದರ ಹಿಂದೆ ಇಷ್ಟು ಸರಿದಿತ್ತು. ಪಂಚೆಯ ನೆರಳು ಬೂದು ಅಂದುಕೊಂಡಿದ್ದೆ. ಕಿಟಕಿಯ ಕಡೆಯದು ನೀಲಿ, ಸೇಬಿನ ಕಡೆಯದು ತೆಳು ಗುಲಾಬಿ. ಬೆನ್ನು ನೋಯುತ್ತಿತ್ತು, ಎದ್ದು ನಿಂತೆ. ಮೇಜಿನ ಮೇಲ್ಮೈ ತಕ್ಷಣ ಅಗಲವಾಯಿತು, ತಟ್ಟೆ ಗುಂಡಗಾಯಿತು. ಮತ್ತೆ ಕೂತೆ, ತಟ್ಟೆ ಚಪ್ಪಟೆಯಾಯಿತು. ಯಾವುದನ್ನು ಬರೆಯಲಿ? ಎರಡೂ ನಿಜವೇ. ಮೂರು ಗಂಟೆಯಲ್ಲಿ ಆದದ್ದು ಒಂದು ಸೇಬು, ಅರ್ಧ ಸೀಸೆ, ಮೇಜಿನ ಅಂಚಿನ ಎರಡು ತುಂಡು ಗೆರೆ. ಅಂಚು ಕೂಡಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಯಾವ ಕಡೆಯದು ಮೇಲಿತ್ತೋ ಆ ಕಡೆಯದೇ ಈಗಲೂ ಮೇಲಿತ್ತು. ನಾನು ಎಡಗಡೆಯಿಂದಲೇ ಶುರು ಮಾಡುತ್ತೇನೆ, ಬೆನ್ನು ಬಗ್ಗುವ ಮೊದಲು.

ಎಕ್ಸ್ ಊರಿನ ಗುಡ್ಡದ ಮೇಲೆ ಸೆಜಾನ್ 1902ರಲ್ಲಿ ಕಟ್ಟಿಸಿಕೊಂಡ ಸ್ಟುಡಿಯೋ ಈಗಲೂ ಇದೆ. ಉತ್ತರಕ್ಕೆ ದೊಡ್ಡ ಕಿಟಕಿ. ಅವನು ಚಿತ್ರಕ್ಕೆ ಇಟ್ಟುಕೊಳ್ಳುತ್ತಿದ್ದ ಜಾಡಿಗಳು, ಸೀಸೆಗಳು, ಪ್ಲಾಸ್ಟರಿನ ಪುಟ್ಟ ಮನ್ಮಥನ ಬೊಂಬೆ, ತಲೆಬುರುಡೆಗಳು ಅಲ್ಲೇ ಇಟ್ಟಿದ್ದಾರೆ. ನಾನಿನ್ನೂ ಹೋಗಿಲ್ಲ. ಫೋಟೋಗಳಲ್ಲಿ ನೋಡಿದರೆ ಅವು ತೀರಾ ಸಾಧಾರಣ ವಸ್ತುಗಳು. ಅಜ್ಜಿಮನೆಯ ಅಟ್ಟದ ಮೇಲೆ ಇರುತ್ತವಲ್ಲ, ಉಪ್ಪಿನಕಾಯಿ ಜಾಡಿ, ಕಂಚಿನ ಲೋಟ, ಮೂತಿ ಒಡೆದ ಹೂಜಿ, ಅಂಥವು. ಒಂದೇ ಜಾಡಿಯನ್ನು ಅವನು ಎಷ್ಟೋ ಚಿತ್ರಗಳಲ್ಲಿ ಬರೆದಿದ್ದಾನೆ. ಹೊಸದು ಕೊಳ್ಳಬೇಕು ಅಂತ ಅನ್ನಿಸಲೇ ಇಲ್ಲ ಅವನಿಗೆ. ಇದ್ದದ್ದೇ ಇನ್ನೂ ನೋಡಿ ಮುಗಿದಿರಲಿಲ್ಲ.

ಮೇಜನ್ನು ನಾನು ವಾರವಿಡೀ ಹಾಗೇ ಬಿಟ್ಟೆ. ನಾವೆಲ್ಲ ಸೋಫಾದ ಮೇಲೆ ತಟ್ಟೆ ಹಿಡಿದು ಊಟ ಮಾಡಿದೆವು. ಅಮ್ಮ ಆರು ತಿಂಗಳಿಗೆ ಅಂತ ಊರಿನಿಂದ ಬಂದಿದ್ದರು. ಮೊದಲ ದಿನ ಏನೂ ಹೇಳಲಿಲ್ಲ. ಮೂರನೇ ದಿನ ರಸ್ಕ್ ಮೆತ್ತಗಾಯಿತು ಅಂದರು. ಐದನೇ ದಿನ ಹಸಿರು ಸೇಬು ಸುಕ್ಕುಗಟ್ಟುತ್ತಿದೆ, ಹೆಚ್ಚಿ ಗೊಜ್ಜು ಮಾಡಿಬಿಡುತ್ತೇನೆ ಅಂದರು. ಇನ್ನೆರಡು ದಿನ ಅಂತ ಕೇಳಿಕೊಂಡೆ.

ಗುರುವಾರ ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಅಮ್ಮ ಮೇಜಿನ ಹತ್ತಿರ ನಿಂತಿದ್ದರು. ಮುಂದಿನ ಕೆಂಪು ಸೇಬು ಅವರ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ನಾಣ್ಯ.

"ಹಣ್ಣಿನ ಕೆಳಗೆ ದುಡ್ಡು ಯಾಕೆ ಇಟ್ಟಿದೀಯ? ತಾಂಬೂಲಕ್ಕಾ?"

ನಾನು ಹೇಳಿದೆ. ಫ್ರಾನ್ಸಿನಲ್ಲಿ ಒಬ್ಬರಿದ್ದರು, ಹಣ್ಣು ಹೇಗೆ ಬೇಕೋ ಹಾಗೆ ನಿಲ್ಲಲಿ ಅಂತ ಕೆಳಗೆ ಕಾಸು ಇಡುತ್ತಿದ್ದರು, ಒಂದು ಹಣ್ಣು ಇಡಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅಮ್ಮ ಕೇಳಿಸಿಕೊಂಡರು. ಗೌರಿ ಹಬ್ಬಕ್ಕೆ ಕಲಶದ ಮೇಲೆ ತೆಂಗಿನಕಾಯಿ ನಿಲ್ಲಿಸಲು, ಬಾಗಿನದ ಮೊರದಲ್ಲಿ ಹಣ್ಣು ಜೋಡಿಸಲು ಅವರು ತೆಗೆದುಕೊಳ್ಳುವ ಹೊತ್ತು ನನಗೆ ಗೊತ್ತು. ಅವರು ಸೇಬನ್ನು ಒಮ್ಮೆ ಸೆರಗಿನಿಂದ ಒರೆಸಿದರು. ಪಂಚೆಯ ಮೇಲೆ ಇಟ್ಟರು. ಒಂದು ಹೆಜ್ಜೆ ಹಿಂದೆ ಸರಿದು, ತಲೆ ಚೂರು ಎಡಕ್ಕೆ ವಾಲಿಸಿ ನೋಡಿದರು. ಮತ್ತೆ ಮುಂದೆ ಬಂದು ಅದನ್ನು ಕಾಲು ಸುತ್ತು ತಿರುಗಿಸಿ, ಕೆಂಪು ಜಾಸ್ತಿ ಇರುವ ಮೈ ಮುಂದೆ ಮಾಡಿ, ನಾಣ್ಯವನ್ನು ಮೆಲ್ಲಗೆ ಕೆಳಗೆ ತಳ್ಳಿದರು.